ಸುಸ್ತಿಗೆ ಇನ್ನಷ್ಟು ನಡಿಗೆಯೇ ಮದ್ದೇ? ಹೃದಯ ಬಡಿತ ನೋಡಿಕೊಂಡು ಶಕ್ತಿ ಉಳಿಸುವ ಬಗೆ

"ಸುಸ್ತು ಅಂತ ಮಲಗಿದಷ್ಟೂ ಸುಸ್ತು ಜಾಸ್ತಿ ಆಗುತ್ತೆ. ಎದ್ದು ನಡೆಯಿರಿ. ದಿನಕ್ಕೆ 10,000 ಹೆಜ್ಜೆ ಹಾಕಿ, ಮೂರೇ ವಾರದಲ್ಲಿ ಸುಸ್ತು ಮಾಯ!"

ಇಂಥ ಸಂದೇಶ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನೀವೇ ಯಾರಿಗಾದರೂ ಕಳಿಸಿರಲೂಬಹುದು. ಆರೋಗ್ಯವಂತರಿಗೆ ನಡಿಗೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವ ಬಹುಪಾಲು ಜನರಿಗೂ ವೈದ್ಯರು ನಡೆಯಲು ಹೇಳುತ್ತಾರೆ. ಆದರೆ ಕೆಲವರ ಕಾಯಿಲೆಯಲ್ಲಿ ಇದೇ ಸಲಹೆ ಉಲ್ಟಾ ಹೊಡೆಯುತ್ತದೆ. ಅವರು ಹಟ ಹಿಡಿದು ನಡೆದರೆ ಸುಸ್ತು ಮಾಯವಾಗುವುದಿಲ್ಲ, ಎರಡು ದಿನ ಬಿಟ್ಟು ಹಾಸಿಗೆ ಹಿಡಿಯುತ್ತಾರೆ. ಅಂಥವರು ಯಾರು, ಹೀಗೇಕೆ ಆಗುತ್ತದೆ, ಕೈಗಡಿಯಾರದಲ್ಲಿ ಕಾಣುವ ಹೃದಯ ಬಡಿತದ ಸಂಖ್ಯೆ ಅವರಿಗೆ ಹೇಗೆ ನೆರವಾಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು, ಆ 10,000 ಹೆಜ್ಜೆ ಎಲ್ಲಿಂದ ಬಂತು?

ವೈದ್ಯಕೀಯ ಸಂಶೋಧನೆಯಿಂದ ಅಲ್ಲ. 1965ರಲ್ಲಿ ಜಪಾನಿನ ಯಮಾಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಒಂದು ಸಾಧನವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು 'ಮಾಂಪೊ-ಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹಿಂದಿನ ವರ್ಷವಷ್ಟೇ ಟೋಕಿಯೊ ಒಲಿಂಪಿಕ್ಸ್ ಮುಗಿದು ವ್ಯಾಯಾಮದ ಹುರುಪು ಎದ್ದಿತ್ತು. ಆಗ ಹುಟ್ಟಿದ ಆ ಹೆಸರು ಇವತ್ತು ಎಲ್ಲರ ಫೋನಿನಲ್ಲೂ ದಿನದ ಗುರಿಯಾಗಿ ಕೂತಿದೆ. ಹೆಚ್ಚು ನಡೆದವರಿಗೆ ಲಾಭವಿದೆ ಎಂದು ನಂತರದ ಅಧ್ಯಯನಗಳು ಹೇಳಿವೆ, ನಿಜ. ಆದರೆ 10,000 ಎಂಬ ಸಂಖ್ಯೆ ಎಲ್ಲರಿಗೂ ಅನ್ವಯಿಸುವ ವೈದ್ಯಕೀಯ ನಿಯಮವಲ್ಲ.

ನಾವು ಯಾವ ಸುಸ್ತಿನ ಬಗ್ಗೆ ಮಾತಾಡುತ್ತಿದ್ದೇವೆ?

ಸುಸ್ತಿಗೆ ನೂರು ಕಾರಣ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವೆಲ್ಲ ಸಾಮಾನ್ಯ ಕಾರಣಗಳು. ಇವಕ್ಕೆ ಚಿಕಿತ್ಸೆ ಇದೆ. ಹಾಗಾಗಿ ವಾರಗಟ್ಟಲೆ ಸುಸ್ತಿದ್ದರೆ ಮೊದಲ ಕೆಲಸ ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸುವುದು, ವಾಚು ಕೊಳ್ಳುವುದಲ್ಲ.

ಈ ಲೇಖನ ಮುಖ್ಯವಾಗಿ ಎರಡು ಕಾಯಿಲೆಗಳಿಗೆ ಸಂಬಂಧಿಸಿದ್ದು. ಒಂದು, ಎಂಇ/ಸಿಎಫ್‌ಎಸ್. ಇದರ ಪೂರ್ತಿ ಹೆಸರು ಮೈಆಲ್ಜಿಕ್ ಎನ್‌ಸೆಫಲೊಮೈಲೈಟಿಸ್ ಅಥವಾ ಕ್ರಾನಿಕ್ ಫೆಟೀಗ್ ಸಿಂಡ್ರೋಮ್. ಇನ್ನೊಂದು, ಕೋವಿಡ್ ಬಂದುಹೋದ ಮೇಲೂ ತಿಂಗಳುಗಟ್ಟಲೆ ಬಿಡದೆ ಕಾಡುವ ಲಾಂಗ್ ಕೋವಿಡ್. ಲಾಂಗ್ ಕೋವಿಡ್ ಇರುವ ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ ಎಂಇ/ಸಿಎಫ್‌ಎಸ್‌ನಂಥದೇ ಲಕ್ಷಣಗಳಿರುತ್ತವೆ.

ಸೋಂಕಿನ ನಂತರ ಸುಸ್ತು ಉಳಿಯುವುದು ಕೋವಿಡ್‌ನೊಂದಿಗೆ ಶುರುವಾದದ್ದಲ್ಲ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತಮುತ್ತ ಮೂರು ಬೇರೆ ಬೇರೆ ಸೋಂಕು ತಗುಲಿದ 253 ಜನರನ್ನು ಸಂಶೋಧಕರು ಗಮನಿಸುತ್ತ ಬಂದು, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳಾದರೂ ಚೇತರಿಸಿಕೊಳ್ಳದವರು ಸುಮಾರು ಶೇ. 12. ಆ ಮೂರರಲ್ಲಿ ಒಂದು ರಾಸ್ ರಿವರ್ ವೈರಸ್, ನಮ್ಮ ಕಡೆ ಜನ ಚೆನ್ನಾಗಿ ಬಲ್ಲ ಚಿಕೂನ್‌ಗುನ್ಯಾ ವೈರಸ್ಸಿನ ಹತ್ತಿರದ ಸಂಬಂಧಿ.

ಇವತ್ತಿನ ಕೆಲಸ, ನಾಡಿದ್ದಿನ ಕುಸಿತ

ಎಂಇ/ಸಿಎಫ್‌ಎಸ್ ಅನ್ನು ಬೇರೆ ಸುಸ್ತಿನಿಂದ ಬೇರ್ಪಡಿಸುವ ಗುರುತು ಒಂದಿದೆ. ದೇಹಕ್ಕೋ ಮನಸ್ಸಿಗೋ ಮಿತಿ ಮೀರಿ ಶ್ರಮವಾದರೆ ಎಲ್ಲ ಲಕ್ಷಣಗಳೂ ಒಟ್ಟಿಗೆ ಉಲ್ಬಣಿಸುತ್ತವೆ: ಮೈಕೈ ನೋವು, ತಲೆ ಮಂಕು, ಗಂಟಲು ನೋವು, ಜ್ವರ ಬಂದಂಥ ಅನುಭವ, ನಿದ್ದೆ ಮಾಡಿದರೂ ನೀಗದ ದಣಿವು. ಇದನ್ನು ನಾವು ಇಲ್ಲಿ 'ಶ್ರಮದ ನಂತರದ ಕುಸಿತ' ಎಂದು ಕರೆಯೋಣ.

ಇದರ ಮೋಸ ಇರುವುದು ಸಮಯದಲ್ಲಿ. ಕುಸಿತ ಸಾಮಾನ್ಯವಾಗಿ ಕೂಡಲೇ ಬರುವುದಿಲ್ಲ, 12ರಿಂದ 48 ಗಂಟೆ ತಡವಾಗಿ ಬರುತ್ತದೆ. ಬಂದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ. ಭಾನುವಾರ ಮದುವೆಗೆ ಹೋಗಿ ನಗುನಗುತ್ತ ಎಲ್ಲರನ್ನೂ ಮಾತಾಡಿಸಿ ಬಂದವರು ಮಂಗಳವಾರ ಎದ್ದು ಹಲ್ಲುಜ್ಜಲಾರದ ಸ್ಥಿತಿಯಲ್ಲಿರುತ್ತಾರೆ. ಮದುವೆಗೂ ಮಂಗಳವಾರಕ್ಕೂ ಇರುವ ನಂಟು ಅವರಿಗೇ ತಿಳಿದಿರುವುದಿಲ್ಲ. ನೋಡಿದವರು "ಮದುವೆಗೆ ಹೋಗೋಕಾಗುತ್ತೆ, ಮನೆ ಕೆಲಸಕ್ಕೆ ಆಗಲ್ವಾ?" ಎನ್ನುತ್ತಾರೆ.

2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ವರದಿ ಈ ಕುಸಿತವನ್ನು ಎಂಇ/ಸಿಎಫ್‌ಎಸ್ ಪತ್ತೆಗೆ ಕಡ್ಡಾಯ ಲಕ್ಷಣವೆಂದು ಹೇಳಿತು. ಲಾಂಗ್ ಕೋವಿಡ್‌ನಲ್ಲಿ ಕುಸಿತದ ಹಿಂದೆ ದೇಹದಲ್ಲಿ ಏನು ನಡೆಯುತ್ತದೆ ಎಂದು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಪರೀಕ್ಷಿಸಿದರು. 25 ರೋಗಿಗಳು ಮತ್ತು 21 ಆರೋಗ್ಯವಂತರಿಗೆ ಸೈಕಲ್ ತುಳಿಸಿ, ಮೊದಲೂ ನಂತರವೂ ಸ್ನಾಯುವಿನ ಚೂರು ತೆಗೆದು ನೋಡಿದರು. ರೋಗಿಗಳ ಸ್ನಾಯುವಿನಲ್ಲಿ ಶಕ್ತಿ ತಯಾರಾಗುವ ವ್ಯವಸ್ಥೆಯಲ್ಲೇ ವ್ಯತ್ಯಾಸವಿತ್ತು, ಶ್ರಮದ ನಂತರ ಸ್ನಾಯುವಿಗೆ ಹಾನಿಯೂ ಹೆಚ್ಚಿತ್ತು. 2024ರ ಜನವರಿಯಲ್ಲಿ ಇದು ಪ್ರಕಟವಾಯಿತು. ಚಿಕ್ಕ ಅಧ್ಯಯನವೇ, ಆದರೆ "ಎಲ್ಲಾ ಮನಸ್ಸಿನಲ್ಲೇ ಇರೋದು" ಎನ್ನುವವರಿಗೆ ಉತ್ತರವಾಗಲು ಅಷ್ಟು ಸಾಕು.

ಹಾಗಾದರೆ ವೈದ್ಯರೇ ವ್ಯಾಯಾಮ ಮಾಡಿ ಎನ್ನುತ್ತಿದ್ದರಲ್ಲ?

ಹೌದು, ಎನ್ನುತ್ತಿದ್ದರು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2007ರಲ್ಲಿ ಇಂಥ ರೋಗಿಗಳಿಗೆ ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ಸೂಚಿಸಿತ್ತು. ಇವತ್ತು ಐದು ನಿಮಿಷ, ಮುಂದಿನ ವಾರ ಏಳು, ಆಮೇಲೆ ಹತ್ತು ಎನ್ನುವ ಕ್ರಮ ಅದು. ಇದರಿಂದ ಕಾಯಿಲೆ ಹೆಚ್ಚಾಯಿತೆಂದು ರೋಗಿಗಳು ವರ್ಷಗಟ್ಟಲೆ ಹೇಳುತ್ತ ಬಂದರು. ಹಳೆಯ ಅಧ್ಯಯನಗಳ ಗುಣಮಟ್ಟದ ಬಗ್ಗೆಯೂ ಪ್ರಶ್ನೆಗಳೆದ್ದವು. ಅಮೆರಿಕದ ಸಿಡಿಸಿ 2017ರಲ್ಲಿ ತನ್ನ ಸಲಹೆಯಿಂದ ಇದನ್ನು ಕೈಬಿಟ್ಟಿತು. 2021ರ ಅಕ್ಟೋಬರ್‌ನಲ್ಲಿ ನೈಸ್ ಕೂಡ ಮಾರ್ಗಸೂಚಿ ಬದಲಿಸಿ, ಎಂಇ/ಸಿಎಫ್‌ಎಸ್‌ಗೆ ಗುರಿ ಏರಿಸುತ್ತ ಹೋಗುವ ವ್ಯಾಯಾಮವನ್ನು ಕೊಡಬೇಡಿ ಎಂದಿತು. ಅದರ ಜಾಗಕ್ಕೆ ಬಂದದ್ದು ಶಕ್ತಿ ನಿರ್ವಹಣೆ. ವಿಶ್ವ ಆರೋಗ್ಯ ಸಂಸ್ಥೆಯ ಕೋವಿಡ್ ನಂತರದ ಆರೈಕೆಯ ಕೈಪಿಡಿಯಲ್ಲೂ ಇದೇ ಮಾತಿದೆ.

ಇದನ್ನು ಪೇಸಿಂಗ್ ಎನ್ನುತ್ತಾರೆ. ನಮ್ಮಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಅದೇ. ತೊಂದರೆ ಏನೆಂದರೆ, ಈ ಕಾಯಿಲೆಯಲ್ಲಿ ಹಾಸಿಗೆ ಎಷ್ಟು ಉದ್ದವಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ದಿನಕ್ಕೊಂದು ಅಳತೆ ಬೇರೆ. ಹೃದಯ ಬಡಿತ ಉಪಯೋಗಕ್ಕೆ ಬರುವುದು ಇಲ್ಲಿ.

ಹೃದಯ ಬಡಿತವೇ ಏಕೆ?

ಕುಸಿತ ಬರುವುದು ಎರಡು ದಿನದ ಮೇಲೆ. ಅಷ್ಟರಲ್ಲಿ ಮಾಡಬಾರದ್ದನ್ನು ಮಾಡಿ ಆಗಿರುತ್ತದೆ. ಆದರೆ ಶ್ರಮ ಹೆಚ್ಚಾದರೆ ಹೃದಯ ಬಡಿತ ಆ ಕ್ಷಣದಲ್ಲೇ ಏರುತ್ತದೆ. ಅಂದರೆ ಕೆಲಸ ನಿಲ್ಲಿಸಲು ಇನ್ನೂ ಅವಕಾಶವಿರುವಾಗಲೇ ಸೂಚನೆ ಸಿಗುತ್ತದೆ.

ಹಗುರ ಕೆಲಸದಲ್ಲಿ ದೇಹ ಆಮ್ಲಜನಕ ಬಳಸಿ ಬೇಕಾದ ಶಕ್ತಿಯನ್ನು ಆರಾಮವಾಗಿ ತಯಾರಿಸಿಕೊಳ್ಳುತ್ತದೆ. ಶ್ರಮ ಒಂದು ಮಟ್ಟ ದಾಟಿದರೆ ಆ ದಾರಿಯೊಂದೇ ಸಾಲದೆ ಇನ್ನೊಂದು ದಾರಿಯನ್ನೂ ಹೆಚ್ಚಾಗಿ ಬಳಸಬೇಕಾಗುತ್ತದೆ. ಆ ಮಟ್ಟವನ್ನು ಆನ್‌ಏರೋಬಿಕ್ ಮಿತಿ ಎನ್ನುತ್ತಾರೆ. ಆರೋಗ್ಯವಂತರು ಓಡುವಾಗಲೋ ಬೆಟ್ಟ ಹತ್ತುವಾಗಲೋ ಈ ಮಿತಿ ಮುಟ್ಟುತ್ತಾರೆ. ಎಂಇ/ಸಿಎಫ್‌ಎಸ್ ಇರುವವರಲ್ಲಿ ಇದು ತೀರಾ ಕೆಳಗಿರಬಹುದು. ಸ್ನಾನ ಮಾಡುವಾಗ, ಒಂದು ಮಹಡಿ ಹತ್ತುವಾಗ, ಬಟ್ಟೆ ಹಿಂಡುವಾಗಲೇ ದಾಟಿಬಿಡಬಹುದು.

ಇದನ್ನು ತೋರಿಸುವ ಪರೀಕ್ಷೆಯೂ ಇದೆ. ಮುಖಕ್ಕೆ ಮಾಸ್ಕ್ ಹಾಕಿ ಸೈಕಲ್ ತುಳಿಸಿ ಉಸಿರನ್ನು ಅಳೆಯುತ್ತಾರೆ, 24 ಗಂಟೆ ಬಿಟ್ಟು ಮತ್ತೆ ಅದನ್ನೇ ಮಾಡಿಸುತ್ತಾರೆ. ವ್ಯಾಯಾಮವೇ ಮಾಡದ, ಆದರೆ ಆರೋಗ್ಯವಾಗಿರುವವರೂ ಎರಡನೇ ದಿನ ಹೆಚ್ಚುಕಡಿಮೆ ಮೊದಲ ದಿನದಷ್ಟೇ ತುಳಿಯುತ್ತಾರೆ. ಎಂಇ/ಸಿಎಫ್‌ಎಸ್ ಇರುವವರು ಎರಡನೇ ದಿನ ಆ ಮಿತಿಯನ್ನು ಇನ್ನೂ ಬೇಗ ಮುಟ್ಟುತ್ತಾರೆಂದು ಹಲವು ಅಧ್ಯಯನಗಳು ತೋರಿಸಿವೆ. ಈ ಪರೀಕ್ಷೆಯೇ ಕೆಲವರಿಗೆ ದೊಡ್ಡ ಕುಸಿತ ತರುವುದರಿಂದ ಎಲ್ಲರೂ ಮಾಡಿಸಬೇಕಾದ ಅಗತ್ಯವಿಲ್ಲ.

ನಮ್ಮ ಮಿತಿ ಎಷ್ಟು? ಲೆಕ್ಕ ಹಾಕುವ ಎರಡು ಬಗೆ

*ಒಂದನೆಯದು, ವಿಶ್ರಾಂತಿ ಬಡಿತಕ್ಕೆ 15 ಕೂಡಿಸುವುದು.* ಈ ಕಾಯಿಲೆಯಲ್ಲಿ ಶ್ರಮದ ಪರೀಕ್ಷೆಗಳನ್ನು ನಡೆಸುತ್ತ ಬಂದಿರುವ ಅಮೆರಿಕದ ವರ್ಕ್‌ವೆಲ್ ಫೌಂಡೇಶನ್ ಹೇಳುವ ಕ್ರಮ ಇದು. ಬೆಳಿಗ್ಗೆ ಎಚ್ಚರವಾದ ಮೇಲೆ, ಏಳುವ ಮೊದಲು, ಮಲಗಿದಲ್ಲೇ ನಿಮಿಷದ ಬಡಿತ ನೋಡಿ ಬರೆದಿಡಿ. ಏಳು ದಿನ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಸರಾಸರಿ 72 ಬಂದರೆ, 72 + 15 = 87. ದಿನದ ಕೆಲಸಗಳಲ್ಲಿ ಆದಷ್ಟು 87ರ ಒಳಗೇ ಇರಲು ನೋಡಬೇಕು.

*ಎರಡನೆಯದು, ವಯಸ್ಸಿನ ಲೆಕ್ಕ.* 220ರಲ್ಲಿ ವಯಸ್ಸನ್ನು ಕಳೆದು, ಉಳಿದದ್ದರ ಶೇ. 60 ತೆಗೆಯುವುದು. 40 ವರ್ಷದವರಿಗೆ 180ರ ಶೇ. 60, ಅಂದರೆ 108. ಕಾಯಿಲೆ ತೀವ್ರವಾಗಿರುವವರು ಶೇ. 50 ಹಿಡಿಯುವುದುಂಟು, ಆಗ 90. ಆದರೆ 220ರಿಂದ ವಯಸ್ಸು ಕಳೆಯುವ ಸೂತ್ರ ಬರೀ ಸರಾಸರಿ. ಒಂದೇ ವಯಸ್ಸಿನ ಇಬ್ಬರ ನಿಜವಾದ ಗರಿಷ್ಠ ಬಡಿತದಲ್ಲಿ ಹತ್ತಿಪ್ಪತ್ತರ ವ್ಯತ್ಯಾಸ ಇರಬಹುದು.

ಎರಡು ಲೆಕ್ಕಕ್ಕೆ ಎರಡು ಉತ್ತರ ಬಂತಲ್ಲ, ಯಾವುದು ಸರಿ? ಎರಡೂ ಅಂದಾಜೇ. ಕಡಿಮೆ ಬಂದ ಸಂಖ್ಯೆಯಿಂದ ಶುರು ಮಾಡಿ, ಎರಡು ಮೂರು ವಾರ ಡೈರಿ ಇಟ್ಟು ನೋಡಿ. ಮಿತಿಯೊಳಗಿದ್ದೂ ಕುಸಿತ ಬರುತ್ತಿದ್ದರೆ ಸಂಖ್ಯೆ ಇನ್ನೂ ಇಳಿಸಬೇಕು, ಅಥವಾ ಕುಸಿತಕ್ಕೆ ಬೇರೆ ಕಾರಣವಿದೆ. ಕುಸಿತ ಕಡಿಮೆಯಾಗುತ್ತಿದ್ದರೆ ಆ ಸಂಖ್ಯೆ ನಿಮಗೆ ಒಗ್ಗಿದೆ ಎಂದರ್ಥ.

ದಿನದ ಕೆಲಸದಲ್ಲಿ ಬಳಸುವುದು ಹೇಗೆ?

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೀ ಗಮನಿಸಿ. ಯಾವ ಕೆಲಸಕ್ಕೆ ಎಷ್ಟು ಏರುತ್ತದೆ ಎಂದು ಬರೆಯಿರಿ. ಕಷ್ಟದ್ದು ಅಂದುಕೊಂಡದ್ದು ಹಗುರವಾಗಿರಬಹುದು, ಹಗುರ ಅಂದುಕೊಂಡದ್ದೇ ಏರಿಸುತ್ತಿರಬಹುದು. ನಿಂತು ಮಾಡುವ ಕೆಲಸ, ಕೈ ಮೇಲೆತ್ತಿ ಮಾಡುವ ಕೆಲಸ, ಬಗ್ಗಿ ಏಳುವ ಕೆಲಸ, ಬಿಸಿನೀರಿನ ಸ್ನಾನ ಇವು ಸಾಮಾನ್ಯವಾಗಿ ಬಡಿತ ಏರಿಸುತ್ತವೆ.

ಆಮೇಲೆ ಒಂದೊಂದನ್ನೇ ಬದಲಿಸಿ:

- ಸ್ನಾನಕ್ಕೆ ಸ್ಟೂಲು ಹಾಕಿ ಕೂತುಕೊಳ್ಳಿ. ನೀರು ಉಗುರು ಬೆಚ್ಚಗಿರಲಿ. ತಲೆಸ್ನಾನದ ದಿನ ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ.
- ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಮೇಜಿನ ಮುಂದೆ ಕೂತು ಆಗಲಿ. ಮುದ್ದೆ ತಿರುವುವುದು, ತುಂಬಿದ ಬಕೆಟ್ ಎತ್ತುವುದು ಮನೆಯ ಇನ್ನೊಬ್ಬರ ಪಾಲಿಗಿರಲಿ.
- ಮೆಟ್ಟಿಲು ಹತ್ತಲೇಬೇಕಾದರೆ ನಾಲ್ಕೈದು ಮೆಟ್ಟಿಲಿಗೊಮ್ಮೆ ನಿಂತು, ಬಡಿತ ಇಳಿದ ಮೇಲೆ ಮುಂದೆ ಹೋಗಿ.
- ಕೆಲಸದ ನಡುವೆ ಬಡಿತ ಮಿತಿ ದಾಟಿದರೆ "ಇನ್ನೊಂಚೂರು ಮುಗಿಸಿಬಿಡೋಣ" ಎನ್ನದೆ ಕೂತುಬಿಡಿ, ಸಾಧ್ಯವಾದರೆ ಮಲಗಿ. ಬಡಿತ ವಿಶ್ರಾಂತಿಯ ಮಟ್ಟದ ಹತ್ತಿರಕ್ಕೆ ಇಳಿಯುವವರೆಗೂ ಕಾಯಿರಿ.
- ವಿಶ್ರಾಂತಿ ಎಂದರೆ ಮಲಗಿ ರೀಲ್ಸ್ ನೋಡುವುದಲ್ಲ. ಕಣ್ಣು ಮುಚ್ಚಿ, ಫೋನು ದೂರ ಇಟ್ಟು, ಹತ್ತು ಹದಿನೈದು ನಿಮಿಷ ಸುಮ್ಮನಿರುವುದು.
- ಬೆಳಗಿನ ವಿಶ್ರಾಂತಿ ಬಡಿತ ನಿಮ್ಮ ಮಾಮೂಲಿಗಿಂತ ಎದ್ದುಕಾಣುವಷ್ಟು ಬದಲಾಗಿದ್ದರೆ, ಆ ದಿನದ ಪಟ್ಟಿಯಲ್ಲಿ ಅರ್ಧ ಕೆಲಸ ಹೊಡೆದುಹಾಕಿ.

ಎಲ್ಲಕ್ಕಿಂತ ಕಷ್ಟ ಒಳ್ಳೆಯ ದಿನವನ್ನು ಸಂಭಾಳಿಸುವುದು. ಮೈ ಹಗುರ ಅನ್ನಿಸಿದ ದಿನ ಬಾಕಿ ಇದ್ದದ್ದನ್ನೆಲ್ಲ ಮಾಡಿ ಮುಗಿಸುವ ಆಸೆ ಹುಟ್ಟುತ್ತದೆ. ಹಬ್ಬಕ್ಕೆ ಮನೆ ಸಾರಿಸಿ ಗುಡಿಸಿ, ಹಬ್ಬದ ದಿನವೇ ಹಾಸಿಗೆಯಲ್ಲಿ ಕಳೆಯುವವರು ಎಷ್ಟೋ ಜನ. ಒಳ್ಳೆಯ ದಿನವೂ ಬಡಿತದ ಮಿತಿ ಅದೇ. ಉಳಿದ ಶಕ್ತಿ ದೇಹದ ಚೇತರಿಕೆಗೆ ಬೇಕು.

ವಾಚು ಎಲ್ಲಿ ಎಡವುತ್ತದೆ?

ಮಣಿಕಟ್ಟಿನ ವಾಚು ಮತ್ತು ಬ್ಯಾಂಡುಗಳು ಚರ್ಮದೊಳಗೆ ಹಸಿರು ಬೆಳಕು ಹಾಯಿಸಿ, ರಕ್ತ ಹರಿದಂತೆ ಹಿಂದಿರುಗುವ ಬೆಳಕಿನಲ್ಲಾಗುವ ಏರಿಳಿತದಿಂದ ಬಡಿತ ಲೆಕ್ಕ ಹಾಕುತ್ತವೆ. ಪಟ್ಟಿ ಸಡಿಲವಿದ್ದರೆ, ಕೈ ತಣ್ಣಗಿದ್ದರೆ, ಪಾತ್ರೆ ತಿಕ್ಕುವಂತೆ ಕೈ ಜೋರಾಗಿ ಆಡುತ್ತಿದ್ದರೆ, ಹಚ್ಚೆಯ ಮೇಲೆ ಕಟ್ಟಿದ್ದರೆ ಲೆಕ್ಕ ತಪ್ಪಬಹುದು. ಬ್ಯಾಟರಿ ಉಳಿಸಲು ಕೆಲವು ವಾಚುಗಳು ಕೆಲ ನಿಮಿಷಗಳಿಗೊಮ್ಮೆ ಮಾತ್ರ ಅಳೆಯುತ್ತವೆ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೆಚ್ಚು ನಿಖರ, ಆದರೆ ದಿನವಿಡೀ ಕಟ್ಟಿಕೊಂಡಿರುವುದು ಕಿರಿಕಿರಿ.

ಇನ್ನೊಂದು ತೊಡಕು ಎಚ್ಚರಿಕೆಯ ಗಂಟೆಯದು. ಕೆಲವು ವಾಚುಗಳಲ್ಲಿ ಬಡಿತ ಹೆಚ್ಚಾದಾಗಿನ ಎಚ್ಚರಿಕೆಯನ್ನು 100ಕ್ಕಿಂತ ಕೆಳಗೆ ಇಡಲು ಬರುವುದಿಲ್ಲ. ನಿಮ್ಮ ಮಿತಿ 87 ಆದರೆ ಅದರಿಂದ ಪ್ರಯೋಜನವಿಲ್ಲ. ಕೊಳ್ಳುವ ಮುನ್ನ ಇದನ್ನು ಕೇಳಿ ನೋಡಿ.

ವಾಚೇ ಇಲ್ಲದಿದ್ದರೆ? ಮೂರು ಬೆರಳಿಟ್ಟು ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಬೀರುವಿನಲ್ಲಿದ್ದರೆ ಅದರಲ್ಲೂ ಬಡಿತ ಕಾಣುತ್ತದೆ. ಕೆಲಸದ ನಡುವೆ ಒಂದು ನಿಮಿಷ ಕೂತು ನೋಡಿಕೊಳ್ಳಲು ಇಷ್ಟು ಸಾಕು.

ಕೊನೆಯದಾಗಿ, ಬಡಿತ ಎಲ್ಲವನ್ನೂ ಹಿಡಿಯುವುದಿಲ್ಲ. ಒಂದು ಗಂಟೆ ಬ್ಯಾಂಕಿನ ಫಾರಂ ತುಂಬುವುದು, ಗದ್ದಲದಲ್ಲಿ ಕೂರುವುದು, ಜಗಳ, ಅಳು ಇವೂ ಕುಸಿತ ತರಬಲ್ಲವು, ಬಡಿತ ಹೆಚ್ಚು ಏರದೆಯೇ. ಹಾಗಾಗಿ ಡೈರಿಯಲ್ಲಿ ತಲೆಗೆ ಕೊಟ್ಟ ಕೆಲಸವನ್ನೂ ಬರೆಯಿರಿ. ವಾಚು ಸುಮ್ಮನಿದ್ದರೂ ಮೈ ಸಾಕು ಎಂದರೆ ಮೈಯ ಮಾತನ್ನೇ ಕೇಳಿ.

ಯಾರು ವೈದ್ಯರನ್ನು ಕೇಳದೆ ಈ ಲೆಕ್ಕ ಹಾಕಿಕೊಳ್ಳಬಾರದು?

- ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು. ಇವು ಬಡಿತವನ್ನೇ ತಗ್ಗಿಸುವುದರಿಂದ ಮೇಲಿನ ಸೂತ್ರಗಳು ಸರಿಹೊಂದುವುದಿಲ್ಲ. ವಾಚಿನ ಸಂಖ್ಯೆ ನೋಡಿ ಮಾತ್ರೆ ನಿಲ್ಲಿಸುವುದಂತೂ ಅಪಾಯ.
- ಪೇಸ್‌ಮೇಕರ್ ಇರುವವರು, ಹೃದಯದ ಲಯ ತಪ್ಪುವ ತೊಂದರೆ ಇರುವವರು.
- ಎದ್ದು ನಿಂತ ಹತ್ತು ನಿಮಿಷದೊಳಗೆ ಬಡಿತ 30 ಅಥವಾ ಹೆಚ್ಚು ಏರಿ, ತಲೆ ಸುತ್ತು, ಎದೆ ಡವಗುಟ್ಟುವುದು ಆಗುವವರು. ಇದು ಪಾಟ್ಸ್ ಎಂಬ ತೊಂದರೆ ಇರಬಹುದು. ಲಾಂಗ್ ಕೋವಿಡ್‌ನಲ್ಲೂ ಕಾಣುತ್ತದೆ. ಇದಕ್ಕೆ ಬೇರೆಯೇ ಚಿಕಿತ್ಸೆ ಇದೆ.
- ಹೃದಯಾಘಾತದ ನಂತರ, ಶ್ವಾಸಕೋಶದ ಕಾಯಿಲೆಗೆ ವೈದ್ಯರ ನಿಗಾದಲ್ಲಿ ವ್ಯಾಯಾಮ ಮಾಡುತ್ತಿರುವವರು. ಅವರಿಗೆ ಆ ವ್ಯಾಯಾಮ ಬೇಕೇಬೇಕು. ಈ ಲೇಖನ ಓದಿ ನಿಲ್ಲಿಸಬೇಡಿ.

ಎದೆನೋವು, ಪ್ರಜ್ಞೆ ತಪ್ಪುವುದು, ವಿಶ್ರಾಂತಿಯಲ್ಲೂ ಉಸಿರಾಟಕ್ಕೆ ಕಷ್ಟ ಇವು ಪೇಸಿಂಗ್‌ಗೆ ಬಿಡುವ ಲಕ್ಷಣಗಳಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ.

ಓದುಗರಿಗೆ ಬರಬಹುದಾದ ಪ್ರಶ್ನೆಗಳು

*ಇದರಿಂದ ಕಾಯಿಲೆ ವಾಸಿಯಾಗುತ್ತದೆಯೇ?*
ಇಲ್ಲ. ಇದು ಔಷಧವೂ ಅಲ್ಲ, ದೊಡ್ಡ ಪ್ರಯೋಗಗಳಿಂದ ಸಾಬೀತಾದ ಚಿಕಿತ್ಸೆಯೂ ಅಲ್ಲ. ಪದೇಪದೇ ಬರುವ ಕುಸಿತಗಳನ್ನು ತಗ್ಗಿಸಿಕೊಳ್ಳುವ ಉಪಾಯ. ರೋಗಿ ಈಗಾಗಲೇ ಬಳಸುವ ಡೈರಿ, ಹೆಜ್ಜೆ ಎಣಿಸುವ ಸಾಧನ, ಫೋನಿನ ಹೃದಯ ಬಡಿತದ ಮೀಟರಿನಂಥವುಗಳ ನೆರವು ಪಡೆಯಬಹುದೆಂದು ನೈಸ್ ಮಾರ್ಗಸೂಚಿಯೂ ಹೇಳುತ್ತದೆ.

*ಹೀಗೆ ಮಲಗಿಯೇ ಇದ್ದರೆ ಕೈಕಾಲು ಸೋಲುವುದಿಲ್ಲವೇ?*
ಪೇಸಿಂಗ್ ಎಂದರೆ ಸದಾ ಮಲಗಿರುವುದಲ್ಲ. ಮಿತಿಯೊಳಗೆ ಆಗುವಷ್ಟನ್ನು ಮಾಡುವುದು, ಕುಸಿತವಿಲ್ಲದೆ ವಾರಗಳು ಕಳೆದರೆ ನಿಧಾನವಾಗಿ ತುಸು ಹೆಚ್ಚಿಸಿ ನೋಡುವುದು. ದೊಡ್ಡ ಕುಸಿತವೇ ಜನರನ್ನು ಹೆಚ್ಚು ದಿನ ಮಲಗಿಸುತ್ತದೆ.

*ಸಂಖ್ಯೆ ನೋಡಿ ನೋಡಿಯೇ ಗಾಬರಿಯಾಗುತ್ತದೆ, ಏನು ಮಾಡಲಿ?*
ಕೆಲವರಿಗೆ ಹಾಗಾಗುತ್ತದೆ. ಎರಡು ಮೂರು ವಾರದಲ್ಲಿ ಯಾವ ಕೆಲಸ ಭಾರ ಎಂದು ತಿಳಿದ ಮೇಲೆ ವಾಚನ್ನು ತೆಗೆದಿಟ್ಟು, ಬೇಕಾದಾಗ ಮಾತ್ರ ಕಟ್ಟಿಕೊಳ್ಳಿ.

*ಮನೆಯವರು ನಂಬುವುದಿಲ್ಲ. ಏನು ಹೇಳಲಿ?*
ಡೈರಿ ತೋರಿಸಿ. ಭಾನುವಾರ ಇಷ್ಟು ಕೆಲಸ, ಬಡಿತ ಇಷ್ಟು, ಮಂಗಳವಾರ ಹೀಗಾಯಿತು ಎಂದು ನಾಲ್ಕು ಸಲ ಬರೆದದ್ದು ಒಂದೇ ಪುಟದಲ್ಲಿ ಕಂಡರೆ ವಾದ ಬೇಕಾಗುವುದಿಲ್ಲ. ವೈದ್ಯರ ಬಳಿ ಹೋಗುವಾಗಲೂ ಅದೇ ಪುಟ ಒಯ್ಯಿರಿ. ಮನೆಯವರಿಗೆ ನಮ್ಮ ಮಾತು ಒಂದೇ: "ಏನಾದರೂ ಸಹಾಯ ಬೇಕಾ?" ಎಂದು ಕೇಳುವ ಬದಲು ಒಂದು ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಿ. ದಿನಾ ನೀರು ತುಂಬುವುದು ನಿಮ್ಮದಾದರೆ ಅವರಿಗೆ ಉಳಿಯುವ ಶಕ್ತಿ ಸಣ್ಣದಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಸಂದೇಶ: "ಸುಸ್ತಿದ್ದರೆ ಇನ್ನಷ್ಟು ನಡೆಯಿರಿ, ಸುಸ್ತು ಹೋಗುತ್ತದೆ."

ನಮ್ಮ ಉತ್ತರ: ಅರ್ಧ ಸತ್ಯ. ಬಹಳ ಜನರಿಗೆ ನಡಿಗೆ ಒಳ್ಳೆಯದು. ಆದರೆ ಶ್ರಮಪಟ್ಟ ಒಂದೆರಡು ದಿನಕ್ಕೆ ಕುಸಿದು ಬೀಳುವವರಿಗೆ ಈ ಸಲಹೆ ಕಾಯಿಲೆ ಹೆಚ್ಚಿಸಬಹುದು.

ಈ ಸಂದೇಶವನ್ನು ಗುಂಪಿಗೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗುಂಪಿನಲ್ಲಿ ಜ್ವರ ಬಂದುಹೋದ ಮೇಲೆ ಮೊದಲಿನಂತಾಗದವರು ಯಾರಾದರೂ ಇದ್ದಾರೆಯೇ? ಇದ್ದರೆ ಅವರಿಗೆ "ನಡೆಯಿರಿ" ಎನ್ನುವ ಮೊದಲು "ನಡೆದ ಮೇಲೆ ಎರಡು ದಿನ ಹೇಗಿರ್ತೀರಿ?" ಎಂದು ಕೇಳಿ. ಆ ಉತ್ತರ ಕೇಳಿದ ಮೇಲೆ ಯಾವ ಸಂದೇಶ ಕಳಿಸಬೇಕೆಂದು ನಿಮಗೇ ತಿಳಿಯುತ್ತದೆ.